ನೆಟ್ ಚೆನ್ನಾಗಿದೆ, ಮಾತು ಒಡೀತಿದೆ



ಈಗ ನಾನು ಆಡುತ್ತಿರುವ ಮಾತು ನಿಮ್ಮ ರೇಡಿಯೊವನ್ನು ಒಂದು ಸೆಕೆಂಡು ತಡವಾಗಿ ತಲುಪಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಐದು ಸೆಕೆಂಡು ತಡವಾದರೂ ಅಷ್ಟೆ. ನೀವು ನನಗೆ ತಿರುಗಿ ಏನೂ ಹೇಳಬೇಕಾಗಿಲ್ಲವಲ್ಲ! ಅದೇ ನಾವಿಬ್ಬರೂ ವಿಡಿಯೊ ಮೀಟಿಂಗಿನಲ್ಲಿ ಕೂತಿದ್ದರೆ ಅರ್ಧ ಸೆಕೆಂಡಿನ ತಡವೇ ಸಾಕು: ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತೇವೆ, ಒಟ್ಟಿಗೇ ಸುಮ್ಮನಾಗುತ್ತೇವೆ, ‘ಹೇಳಿ ಸರ್’, ‘ಇಲ್ಲ, ನೀವೇ ಹೇಳಿ ಮೇಡಂ’ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ಕಚೇರಿಯ ಇಂಟರ್ನೆಟ್ಟಿನಲ್ಲಿ ಮೀಟಿಂಗ್ ಯಾಕೆ ಹೀಗೆ ಕೆಡುತ್ತದೆ, ಕೆಟ್ಟಾಗ ಎಲ್ಲಿಂದ ಹುಡುಕಬೇಕು ಎಂಬುದು ಇವತ್ತಿನ ವಿಷಯ.

ಸಣ್ಣಪುಟ್ಟ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕಸುಬು. ಆಡಿಟರ ಕಚೇರಿ, ಆರ್ಕಿಟೆಕ್ಟರ ಕಚೇರಿ, ಮೂವತ್ತು ನಲವತ್ತು ಜನರ ಸಾಫ್ಟ್‌ವೇರ್ ಕಂಪನಿ, ಇಂಥವು. ಲಾಕ್‌ಡೌನಿಗೆ ಮುಂಚೆ ನನಗೆ ಬರುತ್ತಿದ್ದ ಫೋನು ಹೆಚ್ಚಾಗಿ ಪ್ರಿಂಟರಿನ ವಿಚಾರಕ್ಕೆ. ಈಗ ಮೀಟಿಂಗಿನ ವಿಚಾರಕ್ಕೆ. 2019ರ ಡಿಸೆಂಬರಿನಲ್ಲಿ ಝೂಮ್ ಮೀಟಿಂಗುಗಳಲ್ಲಿ ದಿನಕ್ಕೆ ಒಂದು ಕೋಟಿ ಹಾಜರಿ ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ 30 ಕೋಟಿಯಾಯಿತು. ಕೋವಿಡ್ ಅಬ್ಬರ ಇಳಿಯಿತು, ಜನ ಕಚೇರಿಗೆ ವಾಪಸು ಬಂದರು, ಮೀಟಿಂಗು ಮಾತ್ರ ಪರದೆಯ ಮೇಲೇ ಉಳಿಯಿತು. ಮನೆಯಲ್ಲಿ ಒಬ್ಬರೋ ಇಬ್ಬರೋ ಬಳಸುತ್ತಿದ್ದ ಸಂಪರ್ಕದಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಮೀಟಿಂಗು ನಲವತ್ತು ಜನ ಕೂತ ಕಚೇರಿಯಲ್ಲಿ ಒಡೆಯತೊಡಗಿತು.

ದೂರು ಬರುವ ರೀತಿ ಎಲ್ಲ ಕಡೆಯೂ ಒಂದೇ. ಬಾಸ್ ಸ್ಪೀಡ್ ಟೆಸ್ಟ್ ಮಾಡುತ್ತಾರೆ, ನೂರು ಎಂಬಿಪಿಎಸ್ ಅಂತ ತೋರಿಸುತ್ತದೆ. ‘ನೆಟ್ ಚೆನ್ನಾಗಿದೆಯಲ್ರೀ, ಮತ್ಯಾಕೆ ಮಾತು ಒಡೀತಿದೆ?’ ಇಂಟರ್ನೆಟ್ ಕಂಪನಿಯ ಹುಡುಗನನ್ನು ಕರೆಸುತ್ತಾರೆ. ಅವನೂ ಅದೇ ಟೆಸ್ಟ್ ಮಾಡಿ, ‘ಸರ್, ಸ್ಪೀಡ್ ಫುಲ್ ಬರ್ತಾ ಇದೆ ನೋಡಿ, ನಿಮಗೆ ಜನ ಜಾಸ್ತಿ, ಮುನ್ನೂರರ ಪ್ಲಾನ್ ಹಾಕ್ಸಿ’ ಅನ್ನುತ್ತಾನೆ. ಹಾಕಿಸುತ್ತಾರೆ. ಎರಡು ವಾರ ಎಲ್ಲ ಸರಿಹೋದಂತೆ ಅನ್ನಿಸುತ್ತದೆ. ಆಮೇಲೆ ಮತ್ತೆ ಅದೇ ರಾಗ.

ಹಾಗಾಗುವುದಕ್ಕೆ ಕಾರಣ ಸರಳ. ಮಾತಿಗೆ ಬೇಕಾದದ್ದು ತೀರಾ ಕಡಿಮೆ. ಇವತ್ತಿನ ಮೀಟಿಂಗ್ ಆ್ಯಪ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಓಪಸ್ ಎಂಬ ಧ್ವನಿ ತಂತ್ರ 2012ರಲ್ಲಿ ಪ್ರಮಾಣೀಕೃತವಾಯಿತು. ನಿಮ್ಮ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಸೆಕೆಂಡಿಗೆ ಐವತ್ತು ಚೂರಿನಂತೆ ಕಳಿಸುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 40 ಕೆಬಿಪಿಎಸ್ ಆಸುಪಾಸು. ನೂರು ಎಂಬಿಪಿಎಸ್‌ನಲ್ಲಿ ಇದು ಎರಡೂವರೆ ಸಾವಿರದಲ್ಲಿ ಒಂದು ಪಾಲು! ಇಬ್ಬರ ನಡುವಿನ ಒಳ್ಳೆಯ 720ಪಿ ವಿಡಿಯೊಗೆ ಝೂಮ್ ಕೇಳುವುದು 1.2 ಎಂಬಿಪಿಎಸ್ ಮಾತ್ರ. ಅಂದಮೇಲೆ ಕೊರತೆ ಸ್ಪೀಡಿನದಲ್ಲ. ಆ ಐವತ್ತು ಚೂರುಗಳು ಹೊತ್ತಿಗೆ ಸರಿಯಾಗಿ, ಒಂದೇ ಲಯದಲ್ಲಿ, ದಾರಿಯಲ್ಲಿ ಕಳೆದುಹೋಗದೆ ಬರಬೇಕು. ತಡವಾದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ. ಲಯ ತಪ್ಪಿದರೆ, ಅದಕ್ಕೆ ಜಿಟರ್ ಅನ್ನುತ್ತಾರೆ, ಮಾತು ಎಳೆದಂತೆ, ಆಮೇಲೆ ಗಡಿಬಿಡಿಯಲ್ಲಿ ಓಡಿದಂತೆ ಕೇಳುತ್ತದೆ. ಕಳೆದುಹೋದರೆ, ಒಂದೆರಡು ಚೂರನ್ನು ಆ್ಯಪ್ ಹೇಗೋ ತುಂಬಿಕೊಳ್ಳುತ್ತದೆ, ಸಾಲಾಗಿ ಹೋದರೆ ರೋಬೋಟ್ ಮಾತಾಡಿದ ಹಾಗೆ. ಮೈಕ್ರೋಸಾಫ್ಟ್ ತನ್ನ ಟೀಮ್ಸ್‌ಗೆ ಇಟ್ಟುಕೊಂಡಿರುವ ಅಳತೆ ನೆನಪಿಡಲು ಸುಲಭ: ಕಳೆದುಹೋಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಲಯದ ಏರುಪೇರು 30 ಮಿಲಿಸೆಕೆಂಡಿನೊಳಗೆ, ಹೋಗಿ ಬರುವ ಹೊತ್ತು 100 ಮಿಲಿಸೆಕೆಂಡಿನೊಳಗೆ. ಸ್ಪೀಡ್ ಟೆಸ್ಟಿನ ಆ ದೊಡ್ಡ ಅಕ್ಷರದ ಅಂಕಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ.

‘ಹಾಗಾದ್ರೆ ಯೂಟ್ಯೂಬ್ ಹೇಗೆ ಅಷ್ಟು ಚೆನ್ನಾಗಿ ಬರುತ್ತೆ?’ ಅಂತ ಕೇಳುವವರಿದ್ದಾರೆ. ಯೂಟ್ಯೂಬ್ ನೀವು ನೋಡುತ್ತಿರುವ ದೃಶ್ಯಕ್ಕಿಂತ ಎಷ್ಟೋ ಸೆಕೆಂಡು ಮುಂದಿನದನ್ನು ಆಗಲೇ ತಂದಿಟ್ಟುಕೊಂಡಿರುತ್ತದೆ. ಮಧ್ಯೆ ಎರಡು ಸೆಕೆಂಡು ಲೈನ್ ಸತ್ತರೂ ನಿಮಗೆ ಕಾಣುವುದಿಲ್ಲ. ಮೀಟಿಂಗಿನಲ್ಲಿ ಎದುರಿನವರು ಇನ್ನೂ ಆಡದ ಮಾತನ್ನು ಮೊದಲೇ ತಂದಿಡುವುದು ಹೇಗೆ?

ಇನ್ನು ಹುಡುಕುವ ಕೆಲಸ. ಮೊದಲು ಯಾವುದನ್ನೂ ಮುಟ್ಟಬೇಡಿ, ರೂಟರನ್ನು ಆರಿಸಿ ಹೊತ್ತಿಸಬೇಡಿ, ಕೇಳಿ. ಯಾರ ಮಾತು ಯಾರಿಗೆ ಒಡೆಯುತ್ತಿದೆ? ಎಲ್ಲರಿಗೂ ಒಬ್ಬರದೇ ಮಾತು ಒಡೆದು ಕೇಳಿದರೆ ದೋಷ ಆ ಒಬ್ಬರ ಕಡೆ. ನಿಮ್ಮ ಕಚೇರಿಯವರಿಗೆ ಎಲ್ಲರ ಮಾತೂ ಚೆನ್ನಾಗಿ ಕೇಳುತ್ತಿದ್ದು, ನಿಮ್ಮ ಮಾತು ಮಾತ್ರ ಆಚೆಯವರಿಗೆ ಒಡೆದು ಕೇಳುತ್ತಿದ್ದರೆ ತೊಂದರೆ ಇರುವುದು ಇಲ್ಲಿಂದ ಹೊರಗೆ ಹೋಗುವ ದಾರಿಯಲ್ಲಿ, ಅಂದರೆ ಅಪ್‌ಲೋಡಿನಲ್ಲಿ. ಯಾವ ಕೋಣೆ, ಯಾವ ಹೊತ್ತು ಎನ್ನುವುದನ್ನು ಒಂದು ವಾರ ಪುಸ್ತಕದಲ್ಲಿ ಬರೆದಿಡಿ. ಅರ್ಧ ರೋಗ ಅಲ್ಲೇ ಸಿಕ್ಕಿಬೀಳುತ್ತದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ, ಅದೂ ಪ್ಯಾಂಟ್ರಿ ಪಕ್ಕದ ಕೋಣೆಯಲ್ಲಿ ಮಾತ್ರ ಕೆಡುತ್ತಿದ್ದರೆ ಅದು ಮೈಕ್ರೋವೇವ್ ಒಲೆ; ಅನ್ನ ಸಾರು ಬಿಸಿ ಮಾಡುವ ಆ ಒಲೆಯೂ ಹಳೆಯ ವೈಫೈಯೂ ಬಳಸುವುದು ಒಂದೇ 2.4 ಗಿಗಾಹರ್ಟ್ಸ್ ಪಟ್ಟಿ.

ಆಮೇಲೆ ದಾರಿಯನ್ನು ತುಂಡು ಮಾಡಿ ನೋಡಬೇಕು. ಇದಕ್ಕೆ ಹೊಸ ಸಾಧನವೇನೂ ಬೇಡ. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬುವರು 1983ರಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಇದೆ. ಕಮಾಂಡ್ ಕಿಟಕಿ ಎರಡು ತೆರೆಯಿರಿ. ಒಂದರಲ್ಲಿ ನಿಮ್ಮದೇ ರೂಟರಿಗೆ ನಿಲ್ಲದೆ ಪಿಂಗ್ ಮಾಡಿ, ಬಹಳ ಕಡೆ ಅದರ ವಿಳಾಸ 192.168.1.1. ಇನ್ನೊಂದರಲ್ಲಿ ಹೊರಗಿನ ಒಂದು ವಿಳಾಸಕ್ಕೆ, 8.8.8.8 ಆದೀತು. ಎರಡನ್ನೂ ಓಡಲು ಬಿಟ್ಟು ಮೀಟಿಂಗಿಗೆ ಕೂತುಕೊಳ್ಳಿ. ರೂಟರಿನ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು. ಮಾತು ಒಡೆದ ಕ್ಷಣದಲ್ಲಿ ಅದೇ ನೂರು ಇನ್ನೂರಕ್ಕೆ ಹಾರಿದರೆ, ಅಥವಾ ಉತ್ತರವೇ ಬಾರದಿದ್ದರೆ, ಕಳ್ಳ ನಿಮ್ಮ ಗೋಡೆಯೊಳಗೇ ಇದ್ದಾನೆ. ಹೆಚ್ಚಾಗಿ ಅವನ ಹೆಸರು ವೈಫೈ. ರೂಟರು ಚೆನ್ನಾಗಿದ್ದು ಹೊರಗಿನ ಉತ್ತರ ಮಾತ್ರ ಕೆಟ್ಟರೆ ಲೈನು ತುಂಬಿದೆ ಅಥವಾ ಲೈನೇ ಕೆಟ್ಟಿದೆ. ಎರಡೂ ನೆಟ್ಟಗಿದ್ದು ಮೀಟಿಂಗ್ ಕೆಟ್ಟರೆ ಲ್ಯಾಪ್‌ಟಾಪು, ಫೈರ್‌ವಾಲು, ವಿಪಿಎನ್, ಇಲ್ಲವೇ ಆಚೆಕಡೆಯವರು. ಇಷ್ಟು ಮಾಡಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ನನ್ನ ಕಸುಬಿನವರಲ್ಲೂ ಎಷ್ಟೋ ಮಂದಿ ಇದನ್ನು ಬಿಟ್ಟು ಸೀದಾ ರೂಟರ್ ಬದಲಿಸಲು ಹೊರಡುತ್ತಾರೆ. ಹೊಸ ಡಬ್ಬಿ ಮಾರಿದರೆ ಕಮಿಷನ್ ಬರುತ್ತದೆ, ಪಿಂಗ್ ಮಾಡಿದರೆ ಏನು ಬರುತ್ತದೆ?

ಲೈನು ತುಂಬುವುದು ಅಂದೆ. ಇಡೀ ವಿಷಯದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದೆ. ದೇವಸ್ಥಾನದ ಹುಂಡಿಯ ಚಿಲ್ಲರೆ ಮೂಟೆ ಹೊತ್ತು ತಂದವರೊಬ್ಬರು ಮುಂದೆ ನಿಂತಿದ್ದಾರೆ, ಎಣಿಕೆ ಸಾಗಿದೆ. ಅವರ ಹಿಂದೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಳ್ಳಲು ಬಂದ ಅಜ್ಜ. ಅಜ್ಜನ ಕೆಲಸ ಅರ್ಧ ನಿಮಿಷದ್ದು, ಕಾಯುವುದು ಒಂದು ಗಂಟೆ. ನಿಮ್ಮ ಮಾತಿನ ಆ ಪುಟ್ಟ ಚೂರೇ ಈ ಅಜ್ಜ. ಹುಂಡಿಯ ಮೂಟೆ ಯಾವುದು ಅಂದರೆ, ಯಾರೋ ಕ್ಲೈಂಟಿಗೆ ಕಳಿಸುತ್ತಿರುವ ಕಟ್ಟಡದ ನಕ್ಷೆ, ಅಕೌಂಟ್ಸ್ ವಿಭಾಗದ ಬ್ಯಾಕಪ್, ಕ್ಲೌಡಿಗೆ ಹೋಗುತ್ತಿರುವ ಸಿಸಿಟಿವಿ ಚಿತ್ರ. ರೂಟರಿನೊಳಗೆ ಕಾಯುವವರಿಗಾಗಿ ಇರುವ ಜಾಗಕ್ಕೆ ಬಫರ್ ಅನ್ನುತ್ತಾರೆ. ಮೆಮೊರಿ ಚಿಪ್ ಅಗ್ಗವಾದಂತೆ ತಯಾರಕರು ಈ ಜಾಗವನ್ನು ದೊಡ್ಡದು ಮಾಡುತ್ತ ಹೋದರು. ಒಂದು ಚೂರೂ ಬಿದ್ದುಹೋಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ. ಲೆಕ್ಕ ಹಾಕಿ: ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್, ಬಫರಿನಲ್ಲಿ ಒಂದು ಮೆಗಾಬೈಟ್ ಸರಕು ತುಂಬಿದೆ ಅನ್ನಿ. ಒಂದು ಮೆಗಾಬೈಟ್ ಅಂದರೆ ಎಂಟು ಮೆಗಾಬಿಟ್. ಅದು ಹೊರಗೆ ಹೋಗಲು 0.8 ಸೆಕೆಂಡು. ಅದರ ಹಿಂದೆ ನಿಂತ ನಿಮ್ಮ ‘ಹಲೋ’ ಕೂಡ 0.8 ಸೆಕೆಂಡು ತಡ. ಏನೂ ಕಳೆದುಹೋಗಿಲ್ಲ, ಸ್ಪೀಡೂ ಫುಲ್ ಇದೆ, ಮೀಟಿಂಗ್ ಮಾತ್ರ ಹಾಳು.

ಇದನ್ನು ಜಗತ್ತಿನ ಗಮನಕ್ಕೆ ತಂದವರು ಜಿಮ್ ಗೆಟ್ಟಿಸ್ ಎಂಬ ಇಂಜಿನಿಯರು. 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುವಾಗೆಲ್ಲ ಮನೆಯ ನೆಟ್ ಕೆಡುವುದನ್ನು ಅವರು ಗಮನಿಸಿ, ಬೆನ್ನುಹತ್ತಿ, ಬಫರುಗಳು ಬೊಜ್ಜು ಬೆಳೆಸಿಕೊಂಡಿವೆ ಎಂದು ತೋರಿಸಿದರು. ಬಫರ್‌ಬ್ಲೋಟ್ ಎಂಬ ಹೆಸರು ಅವರದೇ ಚಳವಳಿಯಿಂದ ಬಂದದ್ದು. ಮದ್ದು ಅರೆದವರು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್, 2012ರಲ್ಲಿ. ಈ ಜೇಕಬ್ಸನ್ ಹಳೆಯ ವೈದ್ಯರು. 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಅಲ್ಲೇ 400 ಗಜ ದೂರದ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ಸಂಪರ್ಕ 32 ಕೆಬಿಪಿಎಸ್‌ನಿಂದ ಸೆಕೆಂಡಿಗೆ ಬರೀ 40 ಬಿಟ್ಟಿಗೆ ಕುಸಿದಾಗ, ಕಾರಣ ಹುಡುಕಿ ಇಂಟರ್ನೆಟ್ಟಿಗೆ ಸಂಯಮ ಕಲಿಸಿದವರು ಅವರೇ. ಅವರ ಹೊಸ ಮದ್ದು ಕಾಯುವಿಕೆಯನ್ನು ಅಳೆಯುತ್ತದೆ. ಸರದಿಯಲ್ಲಿ ಯಾರೂ ಕೆಲವೇ ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಬೇರೂರದಂತೆ ನೋಡಿಕೊಳ್ಳುತ್ತದೆ. ಅದರ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸರದಿ ಮಾಡಿ, ಅಜ್ಜನನ್ನು ಮೊದಲು ಕಳಿಸಿಕೊಡುವ ಏರ್ಪಾಡು ಸೇರಿತು. ಎಫ್‌ಕ್ಯೂ-ಕೋಡೆಲ್ ಎಂಬ ಈ ವಿಧಾನ 2018ರಲ್ಲಿ ಅಧಿಕೃತ ದಾಖಲೆಯಾಗಿ ಹೊರಬಂತು. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರುಗಳಲ್ಲಿ, ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮೈಕ್ರೋಟಿಕ್ ರೂಟರುಗಳ ತಂತ್ರಾಂಶದ ಏಳನೇ ಆವೃತ್ತಿಯಲ್ಲಿ ಇದು ಪುಕ್ಕಟೆ ಇದೆ. ಕೆಲವು ರೂಟರುಗಳಲ್ಲಿ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಎಂಬ ಹೆಸರಿನಲ್ಲಿರುತ್ತದೆ.

ಹಾಕುವುದರಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಹೇಳದಿದ್ದರೆ ಹಾಕಿಯೂ ಪ್ರಯೋಜನವಿಲ್ಲ. ನಿಮ್ಮ ಅಪ್‌ಲೋಡ್ ಅಳೆದಾಗ 20 ಬಂದರೆ ರೂಟರಿಗೆ 18 ಅಂತ ಹೇಳಿ. ಹತ್ತು ಪರ್ಸೆಂಟ್ ಬಿಟ್ಟುಕೊಡಬೇಕು. ಇಲ್ಲವಾದರೆ ಸರದಿ ನಿಲ್ಲುವುದು ಕಂಪನಿಯವರು ಕೊಟ್ಟ ಡಬ್ಬಿಯಲ್ಲಿ, ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ‘ಕೊಟ್ಟ ದುಡ್ಡಿಗೆ ಹತ್ತು ಪರ್ಸೆಂಟ್ ಬಿಡೋದಾ?’ ಎಂದು ಮುಖ ಗಂಟಿಕ್ಕುವ ಮಾಲೀಕರಿದ್ದಾರೆ. ಬಿಡಿ ಸ್ವಾಮಿ, ಮೀಟಿಂಗ್ ನಡೆಯುತ್ತದೆ.

ನಿಮ್ಮಲ್ಲಿ ಈ ಕಾಯಿಲೆ ಇದೆಯೇ ಎಂದು ತಿಳಿಯುವುದು ಸುಲಭ. ಆ ಹೊರಗಿನ ಪಿಂಗ್ ಓಡುತ್ತಿರುವಾಗಲೇ ಒಂದು ದೊಡ್ಡ ಕಡತವನ್ನು ಗೂಗಲ್ ಡ್ರೈವಿಗೆ ಹಾಕಿ. ಉತ್ತರ 20 ಮಿಲಿಸೆಕೆಂಡು ಇದ್ದದ್ದು 30 ಆದರೆ ಪರವಾಗಿಲ್ಲ. 400 ಆದರೆ ಸಿಕ್ಕಿಬಿತ್ತು. ಸ್ಪೀಡ್ ಟೆಸ್ಟ್ ಆ್ಯಪ್‌ಗಳಲ್ಲೂ ಈಚೆಗೆ ದೊಡ್ಡ ಅಂಕಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ, ಡೌನ್‌ಲೋಡ್ ಮಾಡುವಾಗ ತಡ ಎಷ್ಟು, ಅಪ್‌ಲೋಡ್ ಮಾಡುವಾಗ ತಡ ಎಷ್ಟು ಅಂತ ಕೊಡುತ್ತಾರೆ. ಯಾರೂ ನೋಡುವುದಿಲ್ಲ. ನೋಡಿ.

ಸೋಮವಾರ ಬೆಳಗ್ಗೆಯ ಮೀಟಿಂಗೇ ಯಾಕೆ ಹೆಚ್ಚು ಕೆಡುತ್ತದೆ ಎಂದು ಒಂದು ಕಚೇರಿಯವರು ತಲೆಕೆಡಿಸಿಕೊಂಡಿದ್ದರು. ವಾರವಿಡೀ ಸರಿ, ಸೋಮವಾರ ಹತ್ತೂವರೆಯಿಂದ ಊಟದ ಹೊತ್ತಿನವರೆಗೆ ಗೋಳು. ಹುಡುಗರು ಶನಿವಾರ ಭಾನುವಾರ ಚಿಕ್ಕಮಗಳೂರಿಗೋ ಗೋಕರ್ಣಕ್ಕೋ ಹೋಗಿ ಬಂದಿರುತ್ತಾರೆ. ‘ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಮಾಡು’ ಅಂತ ಫೋನಿಗೆ ಹೇಳಿಟ್ಟಿರುತ್ತಾರೆ. ಕಚೇರಿಯ ಬಾಗಿಲು ದಾಟಿದ್ದೇ ತಡ, ಎರಡು ದಿನದ ಜಲಪಾತ, ಸಮುದ್ರ, ಬೈಕ್ ಸವಾರಿ ಎಲ್ಲ ಒಟ್ಟಿಗೆ ಮೇಲೇರತೊಡಗುತ್ತವೆ. ಒಂದು ನಿಮಿಷದ 4ಕೆ ವಿಡಿಯೊ ಸುಲಭವಾಗಿ 150 ಎಂಬಿ. 10 ಎಂಬಿಪಿಎಸ್ ಅಪ್‌ಲೋಡನ್ನು ಅದೊಂದೇ ಎರಡು ನಿಮಿಷ ಕಟ್ಟಿಹಾಕುತ್ತದೆ. ಫೋನುಗಳಿಗೆ ಬೇರೆ ವೈಫೈ ಹೆಸರು ಕೊಟ್ಟು, ಅದಕ್ಕೆ ಅಪ್‌ಲೋಡ್ ಮಿತಿ ಹಾಕಿದ ಮೇಲೆ ಆ ಕಚೇರಿಯ ಸೋಮವಾರ ತಿಳಿಯಾಯಿತು. ಪ್ಲಾನ್ ಬದಲಿಸಲಿಲ್ಲ.

ಅಪ್‌ಲೋಡ್ ಅನ್ನುವುದು ನಮ್ಮ ದೇಶದಲ್ಲಿ ಕಾಗದದ ಮೇಲೂ ಮಲಮಗನೇ. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ ವ್ಯಾಖ್ಯೆ ಮಾತಾಡುವುದು ಡೌನ್‌ಲೋಡಿನ ಬಗ್ಗೆ ಮಾತ್ರ. ಕೇಬಲ್ ಟಿವಿಯ ತಂತಿಯಲ್ಲಿ ಬರುವ ಇಂಟರ್ನೆಟ್ಟಿನಲ್ಲಿ, ಹಳೆಯ ಟೆಲಿಫೋನ್ ತಂತಿಯಲ್ಲಿ, ಸಿಮ್ ಹಾಕಿ ಕಿಟಕಿಗೆ ಇಡುವ 5ಜಿ ಡಬ್ಬಿಯಲ್ಲಿ ಅಪ್‌ಲೋಡ್ ಯಾವಾಗಲೂ ಬಡಕಲು. ಝೂಮ್‌ನದೇ ಲೆಕ್ಕದಂತೆ ಗುಂಪು ಮೀಟಿಂಗಿನಲ್ಲಿ 720ಪಿ ಚಿತ್ರಕ್ಕೆ ಒಬ್ಬರಿಗೆ 2.6 ಎಂಬಿಪಿಎಸ್ ಅಪ್‌ಲೋಡ್ ಬೇಕು. ಇಪ್ಪತ್ತು ಜನ ಕ್ಯಾಮೆರಾ ಹಾಕಿ ಕೂತರೆ 52. ಆಗ ಮಾತ್ರ ದೊಡ್ಡ ಪ್ಲಾನ್ ಎಂಬ ಮಾತಿಗೆ ಅರ್ಥವಿದೆ, ಅದೂ ಅಪ್‌ಲೋಡ್ ದೊಡ್ಡದಾದರೆ.

ಈಗ ವೈಫೈ. ನಮ್ಮ ಕಚೇರಿಗಳಲ್ಲಿ ರೂಟರ್ ಎಲ್ಲಿರುತ್ತದೆ? ಕೇಬಲ್ ಎಲ್ಲಿ ಒಳಗೆ ಬಂತೋ ಅಲ್ಲಿ. ಬಾಗಿಲ ಮೇಲೆ, ಕರೆಂಟ್ ಮೀಟರ್ ಬೋರ್ಡಿನ ಪೆಟ್ಟಿಗೆಯೊಳಗೆ, ಗಾಡ್ರೆಜ್ ಬೀರುವಿನ ಹಿಂದೆ. ಕಬ್ಬಿಣದ ಬೀರುವಿನ ಹಿಂದೆ ರೇಡಿಯೊ ಇಟ್ಟು ಅದು ಕೇಳಿಸಲಿ ಅಂದರೆ ಹೇಗೆ? ವೈಫೈ ಕೂಡ ರೇಡಿಯೊನೇ. ಇಂದಿನ ಜಿಪ್ಸಂ ಗೋಡೆಯನ್ನು ಅದು ಲೆಕ್ಕಿಸುವುದಿಲ್ಲ. ಬೆಂಗಳೂರಿನ ಹಳೆಯ ಸೈಜುಗಲ್ಲಿನ ಕಟ್ಟಡಗಳಲ್ಲಿ, ಧಾರವಾಡದ ಮೊಳ ದಪ್ಪದ ಗೋಡೆಗಳಲ್ಲಿ ಒಂದು ಕೋಣೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ವೈಫೈಯ ಇನ್ನೊಂದು ಸ್ವಭಾವ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ಮೂಲೆಯಲ್ಲಿ ಸಿಗ್ನಲ್ ಸಿಗದೆ ನಿಧಾನವಾಗಿ ಮಾತಾಡುವ ಒಂದು ಹಳೆಯ ಫೋನು ಉಳಿದ ಎಲ್ಲರ ಹೊತ್ತನ್ನೂ ತಿನ್ನುತ್ತದೆ. ಪಕ್ಕದ ಕಚೇರಿಯವರೂ ಅದೇ ಚಾನೆಲ್‌ನಲ್ಲಿದ್ದರೆ ಅವರಿಗೂ ನೀವು ಕಾಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒಂದು ಕಮರ್ಷಿಯಲ್ ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ನಿಂತು ಫೋನ್ ತೆಗೆದು ನೋಡಿ, ಮೂವತ್ತು ಹೆಸರು ಕಾಣುತ್ತವೆ. ಮೂವತ್ತು ಜನಕ್ಕೆ ಮೂರು ಚಾನೆಲ್. ಆದ್ದರಿಂದ ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಅಲ್ಲಿ ಜಾಗ ಧಾರಾಳ, 2018ರಿಂದ ನಮ್ಮಲ್ಲಿ ಆ ಪಟ್ಟಿಯ ಹೆಚ್ಚಿನ ಭಾಗಕ್ಕೆ ಲೈಸೆನ್ಸಿನ ಕಟ್ಟಳೆಯೂ ಇಲ್ಲ. ಸಿಗ್ನಲ್ ಸಾಲದೆಂದು ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ಎಕ್ಸ್‌ಟೆಂಡರ್ ತರಬೇಡಿ. ಕೇಳಿದ್ದನ್ನೇ ಅದು ಅದೇ ಗಾಳಿಯಲ್ಲಿ ಮತ್ತೊಮ್ಮೆ ಹೇಳಬೇಕು, ಇರುವುದರಲ್ಲಿ ಅರ್ಧ ಅಲ್ಲೇ ಹೋಯಿತು. ಫೋನಿನಲ್ಲಿ ಕಡ್ಡಿಗಳು ತುಂಬುತ್ತವೆ, ಮೀಟಿಂಗ್ ಇನ್ನೂ ಕೆಡುತ್ತದೆ.

ಮೀಟಿಂಗ್ ಕೋಣೆಗೆ ಒಂದು ತಂತಿ ಎಳೆಸಿ. ನನ್ನ ಮಾತಿನಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು. ಆದರೆ ತಂತಿಯೂ ಸತ್ಯಹರಿಶ್ಚಂದ್ರನಲ್ಲ. ಅದರೊಳಗೆ ಎಂಟು ಎಳೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಕುರ್ಚಿಯ ಚಕ್ರ ಹರಿದೋ ಇಲಿ ಕಡಿದೋ ಒಂದು ಎಳೆ ಹೋದರೆ ನಾಲ್ಕೇ ಎಳೆಯಲ್ಲಿ ಓಡುವ ನೂರು ಎಂಬಿಪಿಎಸ್‌ಗೆ ಇಳಿದುಬಿಡಬಹುದು, ಯಾರಿಗೂ ಹೇಳುವುದಿಲ್ಲ. ಸ್ವಿಚ್ಚಿನ ದೀಪದ ಬಣ್ಣ ಬದಲಾಗಿದ್ದರೆ ಅನುಮಾನ ಪಡಿ. ನೆಲಕ್ಕೆ ಬಿದ್ದಿದ್ದ ಕೇಬಲ್ಲಿನ ತುದಿಯನ್ನು ಸ್ವಚ್ಛ ಮಾಡುವವರು ಪಾಪ, ‘ಎಲ್ಲಿಂದಲೋ ಕಿತ್ತುಬಂದಿದೆ’ ಎಂದು ಅದರ ಇನ್ನೊಂದು ತುದಿ ಇರುವ ಅದೇ ಸ್ವಿಚ್ಚಿನ ಬೇರೊಂದು ತೂತಿಗೆ ಚುಚ್ಚಿ ಇಡೀ ಕಚೇರಿಯೇ ಸ್ತಬ್ಧವಾದ ಉದಾಹರಣೆಗಳು ನಮ್ಮ ಕಸುಬಿನಲ್ಲಿ ಬೇಕಾದಷ್ಟಿವೆ.

ಕರೆಂಟಿನ ಮಾತನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರುಗಳೆಲ್ಲ ಯುಪಿಎಸ್ ಮೇಲಿರುತ್ತವೆ, ಬಾಗಿಲ ಮೇಲಿನ ರೂಟರು ಮತ್ತು ಫೈಬರ್ ಡಬ್ಬಿ ಸಾದಾ ಇನ್ವರ್ಟರ್ ಮೇಲೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಕಣ್ಣೆವೆಯಷ್ಟು ಹೊತ್ತಿನಲ್ಲಿ ರೂಟರು ಸತ್ತು ಹುಟ್ಟುತ್ತದೆ, ಪೂರ್ತಿ ಎಚ್ಚರವಾಗಲು ಎರಡು ಮೂರು ನಿಮಿಷ. ರೂಟರಿಗೆಂದೇ ಸಾವಿರ ಎರಡು ಸಾವಿರಕ್ಕೆ ಸಿಗುವ ಪುಟ್ಟ ಯುಪಿಎಸ್ ಇದಕ್ಕೆ ಸಾಕು.

ಕಚೇರಿ ದೊಡ್ಡದಾದಂತೆ ಫೈರ್‌ವಾಲ್ ಎಂಬ ಕಾವಲುಗಾರ ಬರುತ್ತಾನೆ. ಮೀಟಿಂಗಿನ ಮಾತು ಹೋಗುವುದು ಯುಡಿಪಿ ಎಂಬ ಹಗುರ ದಾರಿಯಲ್ಲಿ, ಕಳೆದದ್ದಕ್ಕೆ ಕಾಯದೆ ಮುಂದೆ ನಡೆಯುವ ದಾರಿ ಅದು. ಝೂಮ್ 8801ರಿಂದ 8810ರವರೆಗಿನ ಬಾಗಿಲುಗಳನ್ನು, ಅಂದರೆ ಪೋರ್ಟುಗಳನ್ನು, ಟೀಮ್ಸ್ 3478ರಿಂದ 3481ರವರೆಗಿನವನ್ನು ಬಳಸುತ್ತದೆ. ಅವು ಮುಚ್ಚಿದ್ದರೆ ಆ್ಯಪ್ ಜಗಳವಾಡುವುದಿಲ್ಲ. ವೆಬ್‌ಸೈಟುಗಳು ಹೋಗುವ 443ರ ಟಿಸಿಪಿ ದಾರಿ ಹಿಡಿಯುತ್ತದೆ. ಅಲ್ಲಿ ಒಂದು ಚೂರು ಕಳೆದರೆ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ನಿಲ್ಲಬೇಕು. ಮೀಟಿಂಗ್ ನಡೆಯುತ್ತಿದೆ ಅಂತ ನಿಮಗನ್ನಿಸುತ್ತದೆ, ಕುಂಟುತ್ತ ನಡೆಯುತ್ತಿರುತ್ತದೆ. ಆ್ಯಪಿನ ಸೆಟಿಂಗ್ಸ್‌ನಲ್ಲಿ, ಝೂಮ್‌ನಲ್ಲಾದರೆ ಸ್ಟ್ಯಾಟಿಸ್ಟಿಕ್ಸ್, ಟೀಮ್ಸ್‌ನಲ್ಲಾದರೆ ಕಾಲ್ ಹೆಲ್ತ್ ಎಂಬ ಪುಟದಲ್ಲಿ ಆ ಗಳಿಗೆಯ ತಡ, ಜಿಟರ್, ನಷ್ಟ ಎಲ್ಲ ಸಿಗುತ್ತವೆ.

ವಿಪಿಎನ್ ಇನ್ನೊಂದು ತಮಾಷೆ. ಮುಖ್ಯ ಕಚೇರಿ ಅಮೆರಿಕದಲ್ಲಿದ್ದು, ಎಲ್ಲ ಸಂಚಾರವೂ ಅಲ್ಲಿಂದಲೇ ಹಾದುಹೋಗಬೇಕು ಎಂದು ನಿಯಮವಿದ್ದರೆ, ಬೆಂಗಳೂರಿನವರು ಮೈಸೂರಿನವರ ಜೊತೆ ಆಡುವ ಮಾತು ಎರಡು ಸಲ ಸಮುದ್ರ ದಾಟಿ ಬರುತ್ತದೆ. ಮೀಟಿಂಗ್ ಆ್ಯಪನ್ನು ಮಾತ್ರ ವಿಪಿಎನ್‌ನಿಂದ ಹೊರಗಿಡಲು ಬರುತ್ತದೆ, ಸ್ಪ್ಲಿಟ್ ಟನೆಲಿಂಗ್ ಎಂದು ಕೇಳಿ, ಐಟಿ ವಿಭಾಗದವರಿಗೆ ಗೊತ್ತಿರುತ್ತದೆ. ನಿಜವಾಗಿಯೂ ಅಮೆರಿಕದವರ ಜೊತೆಗೇ ಮಾತಾಡುವಾಗಿನ ತಡಕ್ಕೆ ಮಾತ್ರ ಮದ್ದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಇಲ್ಲಿಂದ ನೇರ ಅಳೆದರೂ 14 ಸಾವಿರ ಕಿಲೋಮೀಟರ್. ಹೋಗಿ ಬರಲು 140 ಮಿಲಿಸೆಕೆಂಡು ದೇವರ ಲೆಕ್ಕ. ಕೇಬಲ್ ಸುತ್ತಿಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂರು ದಾಟುತ್ತದೆ. ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಅಡ್ಡಿಯಿಲ್ಲ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಅಂದರೆ ನಮ್ಮ ಕಚೇರಿಯೊಳಗಿನ ಸರದಿಯಲ್ಲಿ ಪೋಲು ಮಾಡಲು ಹೆಚ್ಚು ಉಳಿದಿಲ್ಲ. ಅಂಥ ಮೀಟಿಂಗಿನಲ್ಲಿ ಮಾತು ಮುಗಿಸಿ ಒಂದು ಉಸಿರು ಸುಮ್ಮನಿರುವುದನ್ನು ರೂಢಿಸಿಕೊಳ್ಳಬೇಕು, ಅಷ್ಟೆ.

ಲ್ಯಾಪ್‌ಟಾಪಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಹಂಪಿಯ ಕಲ್ಲಿನ ರಥವನ್ನೋ ಮಂಜಿನ ಬೆಟ್ಟವನ್ನೋ ತೋರಿಸುವ ಬಣ್ಣದ ಹಿನ್ನೆಲೆ ಹಳೆಯ ಯಂತ್ರಕ್ಕೆ ದೊಡ್ಡ ಹೊರೆ. ಫ್ಯಾನ್ ಕಿರುಚುತ್ತಿದ್ದರೆ ಮೊದಲು ಅದನ್ನು ತೆಗೆಯಿರಿ. ಒಂದೇ ಕೋಣೆಯಲ್ಲಿ ಆರು ಜನ ಆರು ಮೈಕು ತೆರೆದು ಕೂರಬೇಡಿ. ಕೋಣೆಗೆ ಒಂದು ಮೈಕು, ಒಂದು ಸ್ಪೀಕರು.

ಇಷ್ಟೆಲ್ಲ ನೋಡಿಯೂ, ಲ್ಯಾಪ್‌ಟಾಪನ್ನು ತಂತಿಯಲ್ಲಿ ನೇರ ಕಂಪನಿಯ ಡಬ್ಬಿಗೆ ಸಿಕ್ಕಿಸಿದಾಗಲೂ ಹೊರಗಿನ ಪಿಂಗ್ ಕೆಡುತ್ತಿದ್ದರೆ, ಆಗ ಅವರಿಗೆ ಫೋನ್ ಮಾಡುವ ಹಕ್ಕು ನಿಮ್ಮದು. ‘ನೆಟ್ ಸ್ಲೋ’ ಅನ್ನಬೇಡಿ. ಆ ಮಾತಿಗೆ ಅವರ ಬಳಿ ಇರುವ ಉತ್ತರ ಒಂದೇ, ರೂಟರ್ ರೀಸ್ಟಾರ್ಟ್ ಮಾಡಿ. ‘ತಂತಿ ಹಾಕಿ ನೋಡಿದ್ದೇನೆ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯವರೆಗೆ ನೂರಕ್ಕೆ ನಾಲ್ಕು ಪಿಂಗ್ ಕಳೆದಿದೆ, ದಾಖಲೆ ಇಟ್ಟಿದ್ದೇನೆ’ ಅನ್ನಿ. ಡಬ್ಬಿಗೆ ಬರುವ ಬೆಳಕಿನ ಬಲ ಎಷ್ಟಿದೆ ಎಂದು ಲೈನ್‌ಮನ್ ಬಳಿ ಅಳೆಸಿ. ಅದು ಮೈನಸ್ ಅಂಕಿಯಲ್ಲಿರುತ್ತದೆ, ಮೈನಸ್ 27ರ ಹತ್ತಿರ ಹೋಗಿದ್ದರೆ ಲೈನು ಕೊನೆಯುಸಿರು ಎಳೆಯುತ್ತಿದೆ ಎಂದೇ ಅರ್ಥ. ಉಳಿದ ಫೈಬರನ್ನು ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರೆ ಆ ಬಾಗಿನಲ್ಲೇ ಬೆಳಕು ಸೋರಿಹೋಗುತ್ತಿರಬಹುದು, ಸಡಿಲ ಮಾಡಿಸಿ. ಮನೆಗಳಿಗೆ ಬರುವ ಫೈಬರಿನಲ್ಲಿ ಒಂದೇ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ ಎಂಬುದೂ ನೆನಪಿರಲಿ. ಮೀಟಿಂಗಿನ ಮೇಲೆಯೇ ಹೊಟ್ಟೆಪಾಡು ನಿಂತಿರುವ ಕಚೇರಿಗೆ ಹಂಚಿಕೆಯಿಲ್ಲದ ಲೀಸ್ಡ್ ಲೈನು ದುಬಾರಿಯಾದರೂ ಸರಿಯಾದ ಖರ್ಚು. ಎರಡು ಕಂಪನಿಗಳ ಲೈನು ಇಟ್ಟುಕೊಂಡಿದ್ದೇವೆ ಎಂದು ನಿಶ್ಚಿಂತೆಯಾಗಿರುವವರು ಒಮ್ಮೆ ಹೊರಗೆ ಬಂದು ತಲೆಯೆತ್ತಿ ನೋಡಿ: ಎರಡೂ ಕೇಬಲ್ ಒಂದೇ ಕಂಬಕ್ಕೆ, ಒಂದೇ ಮರದ ಕೊಂಬೆಗೆ ಕಟ್ಟಿದ್ದರೆ ಕೊಂಬೆ ಮುರಿದಾಗ ಎರಡೂ ಹೋಗುತ್ತವೆ.

ಹೊಸ ಸಂಪರ್ಕ ತೆಗೆದುಕೊಳ್ಳುವವರಿಗೆ, ಪ್ಲಾನ್ ಏರಿಸಲು ಹೊರಟವರಿಗೆ ನನ್ನದೊಂದು ಕೋರಿಕೆ. ಡೌನ್‌ಲೋಡ್ ಎಷ್ಟೆಂದು ಅವರೇ ಹೇಳುತ್ತಾರೆ. ಅಪ್‌ಲೋಡ್ ಎಷ್ಟೆಂದು ನೀವು ಕೇಳಿ, ಬಾಯಿಮಾತಿಗೆ ಒಪ್ಪದೆ ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ಸಹಿ ಹಾಕಿ.